ಬ್ರಹ್ಮಕಮಲ ಅರಳುವಾಗ ಕ್ಯಾಮೆರಾದ ಗುಂಡಿ ಒತ್ತುವವರು ಯಾರು?

ನಮ್ಮ ಮನೆಯ ಹಿತ್ತಿಲಲ್ಲಿ ಒಂದು ಬ್ರಹ್ಮಕಮಲದ ಗಿಡ ಇದೆ. ಹಿಮಾಲಯದಲ್ಲಿ ಬೆಳೆಯುವ ಬ್ರಹ್ಮಕಮಲ ಅಲ್ಲ. ನಮ್ಮ ಕಡೆ ಮನೆ ಮನೆಯಲ್ಲೂ ಕುಂಡದಲ್ಲಿ ಇಡುತ್ತಾರಲ್ಲ, ಎಲೆಯ ಅಂಚಿನಲ್ಲೇ ಮೊಗ್ಗು ಬಿಡುತ್ತದಲ್ಲ, ಆ ಗಿಡ. ಜಾತಿಯಲ್ಲಿ ಅದು ಕಳ್ಳಿ, ತವರು ಮೆಕ್ಸಿಕೊ ಕಡೆ. ಹೂ ಅರಳುವುದು ರಾತ್ರಿ ಮಾತ್ರ. ಎಂಟು ಗಂಟೆ ಹೊತ್ತಿಗೆ ಮೊಗ್ಗಿನ ತುದಿ ಬಿರಿಯಲು ಶುರುವಾದರೆ ನಡುರಾತ್ರಿಯಷ್ಟರಲ್ಲಿ ಅಂಗೈಗಿಂತ ದೊಡ್ಡ ಬಿಳಿ ಹೂ ಆಗಿರುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಬಾಡಿ ಜೋತು ಬಿದ್ದಿರುತ್ತದೆ.

ಅದು ಅರಳುವುದನ್ನು ಎಷ್ಟು ಹೊತ್ತು ಕೂತು ನೋಡಿದರೂ ಕಣ್ಣಿಗೆ ಸಿಗುವುದಿಲ್ಲ. ಗಡಿಯಾರದ ಗಂಟೆ ಮುಳ್ಳಿನ ಹಾಗೆ. ನೋಡುತ್ತಿದ್ದರೆ ಅಲ್ಲೇ ನಿಂತಿರುತ್ತದೆ, ಒಳಗೆ ಹೋಗಿ ಕಾಫಿ ಕುಡಿದು ಬಂದರೆ ಮುಂದೆ ಹೋಗಿರುತ್ತದೆ. ಹಾಗಾಗಿ ಕ್ಯಾಮೆರಾ ಇಟ್ಟು 20 ಸೆಕೆಂಡಿಗೊಂದು ಫೋಟೊ ತೆಗೆಯಬೇಕು. ನಾಲ್ಕು ಗಂಟೆಗೆ 720 ಫೋಟೊ ಆಗುತ್ತವೆ. ಅವನ್ನು ಸೆಕೆಂಡಿಗೆ 25ರಂತೆ ಓಡಿಸಿದರೆ ಸುಮಾರು 29 ಸೆಕೆಂಡಿನ ವಿಡಿಯೊ ಸಿಗುತ್ತದೆ. ನಾಲ್ಕು ಗಂಟೆಯ ಅರಳುವಿಕೆ ಅರ್ಧ ನಿಮಿಷದಲ್ಲಿ.

ಆದರೆ 720 ಸಲ ಗುಂಡಿ ಒತ್ತುವವರು ಯಾರು? ಕೈಯಲ್ಲಿ ಒತ್ತಿದರೆ ಪ್ರತಿ ಸಲವೂ ಕ್ಯಾಮೆರಾ ಕೂದಲೆಳೆಯಷ್ಟಾದರೂ ಅಲುಗುತ್ತದೆ. ವಿಡಿಯೊ ಮಾಡಿದಾಗ ಹೂ ನಡುಗಿದ ಹಾಗೆ ಕಾಣುತ್ತದೆ. ಈಗಿನ ಎಷ್ಟೋ ಕ್ಯಾಮೆರಾಗಳಲ್ಲಿ ಈ ಸೌಲಭ್ಯ ಒಳಗೇ ಇರುತ್ತದೆ, ಫೋನಿನಲ್ಲೂ ಟೈಮ್‌ಲ್ಯಾಪ್ಸ್ ಇದೆ. ನನ್ನ ಹಳೇ ಡಿಎಸ್‌ಎಲ್‌ಆರ್‌ನಲ್ಲಿ ಇಲ್ಲ. ಅದಕ್ಕೆ ಒಂದು ಟೈಮರ್ ಸರ್ಕ್ಯೂಟ್ ಮಾಡಿಕೊಂಡೆ. ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಹೋದರೆ ಇದರ ಸಾಮಾನೆಲ್ಲ ಒಂದೇ ಅಂಗಡಿಯಲ್ಲಿ ಸಿಗುತ್ತದೆ. ಮುಖ್ಯವಾದ ಐಸಿಯ, ಅಂದರೆ ಪುಟ್ಟ ಚಿಪ್ಪಿನ, ಬೆಲೆ ಒಂದು ಟೀ ಕುಡಿದಷ್ಟೇ. ಬಂದ ವಿಡಿಯೊಗಿಂತ ಇದನ್ನು ಕಟ್ಟುವಾಗ ಸಿಕ್ಕ ತಿಳಿವಳಿಕೆ ನನಗೆ ಜಾಸ್ತಿ ಖುಷಿ ಕೊಟ್ಟಿತು. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಕ್ಯಾಮೆರಾ ಕಡೆಯಿಂದ ನೋಡೋಣ

ರಿಮೋಟ್ ಅಂದರೆ ಕ್ಯಾಮೆರಾಗೆ ಏನೋ ಗುಟ್ಟಿನ ಸಂಕೇತ ಕಳಿಸುತ್ತದೆ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ತಂತಿ ಇರುವ ರಿಮೋಟ್‌ನಲ್ಲಿ ಅಂಥದ್ದೇನೂ ಇಲ್ಲ. ಒಳಗೆ ಇರುವುದು ಎರಡು ಸ್ವಿಚ್, ಅಷ್ಟೇ. ಗುಂಡಿಯನ್ನು ಅರ್ಧ ಒತ್ತಿದಾಗ ಫೋಕಸ್ ತಂತಿ ಹೋಗಿ ಗ್ರೌಂಡ್ ತಂತಿಗೆ ತಾಗುತ್ತದೆ. ಪೂರ್ತಿ ಒತ್ತಿದಾಗ ಶಟರ್ ತಂತಿಯೂ ತಾಗುತ್ತದೆ. ತಾಗಿದ ಕೂಡಲೇ ಕ್ಲಿಕ್.

ಕ್ಯಾನನ್‌ನ ಸಣ್ಣ ಡಿಎಸ್‌ಎಲ್‌ಆರ್‌ಗಳಲ್ಲಿ ಇದಕ್ಕೆ 2.5 ಮಿಲಿಮೀಟರ್‌ನ ಸ್ಟೀರಿಯೊ ಜಾಕ್ ಸಾಕು. ಹೆಡ್‌ಫೋನಿನ ಪಿನ್ ಥರವೇ ಇರುತ್ತದೆ, ಅದಕ್ಕಿಂತ ಸಣಕಲು. ತುದಿಯ ಭಾಗ ಶಟರ್, ನಡುವಿನ ಉಂಗುರ ಫೋಕಸ್, ಬುಡ ಗ್ರೌಂಡ್. ನಿಕಾನ್, ಸೋನಿಗಳಲ್ಲಿ ಪಿನ್ನಿನ ಆಕಾರವೇ ಬೇರೆ. ಅಂಥ ಕ್ಯಾಮೆರಾ ಇದ್ದವರು ಅಗ್ಗದ ತಂತಿ ರಿಮೋಟ್ ಒಂದನ್ನು ತಂದು, ಅದರ ಕೇಬಲ್ ಕತ್ತರಿಸಿಕೊಳ್ಳುವುದೇ ಸುಲಭ. ಕತ್ತರಿಸಿದ ಕೇಬಲ್ಲಿನ ಒಳಗೆ ಮೂರು ತಂತಿ ಸಿಗುತ್ತವೆ. ಬಣ್ಣ ನಂಬಬೇಡಿ. ಒಂದೊಂದು ಕೇಬಲ್ಲಿನಲ್ಲಿ ಒಂದೊಂದು ಥರ ಇರುತ್ತದೆ. ಮಲ್ಟಿಮೀಟರನ್ನು ಬೀಪ್ ಬರುವ ಕಡೆ ಇಟ್ಟು, ಪಿನ್ನಿನ ಯಾವ ಭಾಗಕ್ಕೆ ಯಾವ ತಂತಿ ಅಂತ ನೋಡಿ ಬರೆದಿಟ್ಟುಕೊಳ್ಳಿ.

ಆಮೇಲೆ ಒಂದು ಕೆಲಸ ಮಾಡಿ. ಕ್ಯಾಮೆರಾ ಆನ್ ಮಾಡಿ, ಮ್ಯಾನ್ಯುಯಲ್ ಫೋಕಸ್‌ಗೆ ಹಾಕಿ, ಜಾಕ್ ಸಿಕ್ಕಿಸಿ. ಫೋಕಸ್ ಮತ್ತು ಶಟರ್ ತಂತಿ ಎರಡನ್ನೂ ಒಟ್ಟಿಗೆ ಹೊಸೆದು, ಗ್ರೌಂಡ್ ತಂತಿಗೆ ಬೆರಳಲ್ಲಿ ಹಿಡಿದು ಮುಟ್ಟಿಸಿ. ಕ್ಲಿಕ್ ಅನ್ನುತ್ತದೆ! ಎರಡು ತಾಮ್ರದ ಎಳೆ ಒಂದಕ್ಕೊಂದು ತಾಗಿದ್ದಕ್ಕೆ ಅಷ್ಟು ದೊಡ್ಡ ಕ್ಯಾಮೆರಾ ಕಣ್ಣು ಮಿಟುಕಿಸುತ್ತದೆ. ಇನ್ನು ಉಳಿದಿರುವುದು ಒಂದೇ. 20 ಸೆಕೆಂಡಿಗೊಂದು ಸಲ, ಅರ್ಧ ಮುಕ್ಕಾಲು ಸೆಕೆಂಡ್, ಆ ಎರಡು ತಂತಿಗಳನ್ನು ಸೇರಿಸಿ ಬಿಡುವ ಒಂದು ಕೈ ಬೇಕು.

ತುಂಬುವುದು, ಖಾಲಿಯಾಗುವುದು

ನಮ್ಮ ಹಿರಿಯರು ಹೊತ್ತು ಅಳೆಯಲು ಗಳಿಗೆ ಬಟ್ಟಲು ಇಟ್ಟುಕೊಂಡಿದ್ದರು. ತಾಮ್ರದ ಬಟ್ಟಲು, ತಳದಲ್ಲಿ ಸಣ್ಣ ತೂತು. ನೀರಿನ ಮೇಲೆ ತೇಲಿಬಿಟ್ಟರೆ ತೂತಿನಿಂದ ನೀರು ನುಗ್ಗಿ, ತುಂಬಿ, ಮುಳುಗುತ್ತದೆ. ಮುಳುಗಲು ಹಿಡಿಯುವ ಹೊತ್ತೇ ಒಂದು ಗಳಿಗೆ, ಅಂದರೆ 24 ನಿಮಿಷ. ತೂತು ಸಣ್ಣದಾದಷ್ಟೂ ಹೊತ್ತು ಜಾಸ್ತಿ, ಬಟ್ಟಲು ದೊಡ್ಡದಾದಷ್ಟೂ ಹೊತ್ತು ಜಾಸ್ತಿ.

ಎಲೆಕ್ಟ್ರಾನಿಕ್ಸ್‌ನಲ್ಲೂ ಇದೇ ಉಪಾಯ. ಬಟ್ಟಲಿನ ಜಾಗದಲ್ಲಿ ಕೆಪಾಸಿಟರ್ ಇದೆ, ತೂತಿನ ಜಾಗದಲ್ಲಿ ರೆಸಿಸ್ಟರ್. ರೆಸಿಸ್ಟರಿನ ಓಮ್ ಜಾಸ್ತಿಯಾದಷ್ಟೂ ತೂತು ಕಿರಿದಾದ ಹಾಗೆ. ಅದರ ಮೂಲಕ ಕೆಪಾಸಿಟರ್ ಮೆಲ್ಲಗೆ ತುಂಬುತ್ತದೆ, ಅಂದರೆ ಅದರ ವೋಲ್ಟೇಜ್ ಮೆಲ್ಲಗೆ ಏರುತ್ತದೆ.

ಆದರೆ ಗಳಿಗೆ ಬಟ್ಟಲು ಮುಳುಗಿದ ಮೇಲೆ ಯಾರಾದರೂ ಎತ್ತಿ, ಚೆಲ್ಲಿ, ಮತ್ತೆ ತೇಲಿಬಿಡಬೇಕು. ನಮಗೆ ಆ ಕೆಲಸವೂ ತಾನಾಗಿಯೇ ನಡೆಯಬೇಕಲ್ವಾ? ಅದನ್ನು ಮಾಡುವುದು 555 ಅನ್ನುವ ಐಸಿ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಹ್ಯಾನ್ಸ್ ಕಾಮೆನ್‌ಜಿಂಡ್ 1971ರಲ್ಲಿ ಇದನ್ನು ಸಿಗ್ನೆಟಿಕ್ಸ್ ಕಂಪನಿಗಾಗಿ ರೂಪಿಸಿದರು. 1972ರಲ್ಲಿ ಮಾರುಕಟ್ಟೆಗೆ ಬಂತು. ಅರ್ಧ ಶತಮಾನ ದಾಟಿದರೂ ಇವತ್ತಿಗೂ ತಯಾರಾಗುತ್ತಿದೆ, ಇವತ್ತಿಗೂ ಕಾಲೇಜಿನ ಲ್ಯಾಬಿನಲ್ಲಿ ಮಕ್ಕಳು ಮೊದಲು ಕೈಗೆತ್ತಿಕೊಳ್ಳುವ ಐಸಿಗಳಲ್ಲಿ ಒಂದು.

ಅದರ ಒಳಗೆ ಏನಾಗುತ್ತದೆ ಅಂತ ತಿಳಿಯಲು ಮನೆಯ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಆಟೊಮ್ಯಾಟಿಕ್ ಮೋಟರ್ ಸ್ವಿಚ್ ಇರುವ ಟ್ಯಾಂಕ್‌ನಲ್ಲಿ ಎರಡು ಗುರುತು ಇರುತ್ತವೆ. ನೀರು ಕೆಳಗಿನ ಗುರುತಿಗೆ ಇಳಿದರೆ ಮೋಟರ್ ಆನ್, ಮೇಲಿನ ಗುರುತಿಗೆ ಏರಿದರೆ ಆಫ್. ನಡುವೆ ಎಲ್ಲೇ ಇದ್ದರೂ ಆಗ ನಡೆಯುತ್ತಿದ್ದುದೇ ಮುಂದುವರಿಯುತ್ತದೆ. 555 ಕೂಡ ಹೀಗೆಯೇ ಕೆಪಾಸಿಟರನ್ನು ಕಾಯುತ್ತದೆ. ಕೆಳಗಿನ ಗುರುತು ಬ್ಯಾಟರಿ ವೋಲ್ಟೇಜಿನ ಮೂರನೇ ಒಂದು ಭಾಗ, ಮೇಲಿನದು ಮೂರನೇ ಎರಡು ಭಾಗ. 9 ವೋಲ್ಟ್ ಬ್ಯಾಟರಿ ಹಾಕಿದರೆ 3 ಮತ್ತು 6 ವೋಲ್ಟ್. ಐಸಿಯ ಒಳಗೆ 5 ಕಿಲೋ ಓಮ್‌ನ ಮೂರು ರೆಸಿಸ್ಟರುಗಳು ಸಾಲಾಗಿ ಕೂತು ಈ ಭಾಗ ಮಾಡಿಕೊಡುತ್ತವೆ. 555 ಅನ್ನುವ ಹೆಸರು ಅದರಿಂದಲೇ ಬಂತು ಅಂತ ಎಲ್ಲರೂ ಹೇಳುತ್ತಾರೆ. ಕಾಮೆನ್‌ಜಿಂಡ್ ಮಾತ್ರ ಹಾಗಲ್ಲ, ಆ ನಂಬರನ್ನು ಸುಮ್ನೆ ಆರಿಸಿದ್ದು ಅಂದಿದ್ದಾರೆ.

6 ವೋಲ್ಟ್ ಮುಟ್ಟಿದ ಕ್ಷಣ ಐಸಿ ತನ್ನ ಎಂಟು ಕಾಲುಗಳಲ್ಲಿ (ಹೊರಗೆ ಚಾಚಿದ ಲೋಹದ ಪಿನ್ನುಗಳಲ್ಲಿ) 7ನೆಯದನ್ನು ಗ್ರೌಂಡಿಗೆ, ಅಂದರೆ ಬ್ಯಾಟರಿಯ ಮೈನಸ್ ಕಡೆಗೆ, ಸೇರಿಸುತ್ತದೆ, ಬಟ್ಟಲಿನ ತಳ ತೆರೆದ ಹಾಗೆ. ಕೆಪಾಸಿಟರ್ ಬರಿದಾಗಲು ಶುರು. 3 ವೋಲ್ಟಿಗೆ ಇಳಿದ ಕೂಡಲೇ ತಳ ಮುಚ್ಚುತ್ತದೆ, ಮತ್ತೆ ತುಂಬಲು ಶುರು. 3ನೇ ಕಾಲು ಹೊರಗಿನವರಿಗೆ ಸುದ್ದಿ ಹೇಳುತ್ತದೆ. ತುಂಬುವಾಗ ಅದರ ವೋಲ್ಟೇಜ್ ಮೇಲೆ, ಬರಿದಾಗುವಾಗ ಕೆಳಗೆ. ನಮ್ಮ ಸರ್ಕ್ಯೂಟಿನಲ್ಲಿ ತುಂಬುವ ಹೊತ್ತು ಕಾಯುವ ಹೊತ್ತು. ಬರಿದಾಗುವ ಹೊತ್ತು ಗುಂಡಿ ಒತ್ತುವ ಹೊತ್ತು. ಇದೊಂದು ಮಾತು ಮನಸ್ಸಿನಲ್ಲಿ ಕೂತರೆ ಉಳಿದದ್ದೆಲ್ಲ ಸಲೀಸು.

ಈ ಮೂರನೇ ಒಂದು, ಮೂರನೇ ಎರಡರ ಲೆಕ್ಕದಲ್ಲಿ ಒಂದು ಜಾಣತನ ಇದೆ. ಬ್ಯಾಟರಿ ಸವೆದು 9 ವೋಲ್ಟಿನಿಂದ 7ಕ್ಕೆ ಇಳಿದರೆ ಟೈಮಿಂಗ್ ಕೆಡುವುದಿಲ್ಲವೇ? ಕೆಡುವುದಿಲ್ಲ. ತುಂಬಿಸುವ ಒತ್ತಡ ಇಳಿದಷ್ಟೇ ಆ ಎರಡು ಗುರುತುಗಳೂ ಕೆಳಗೆ ಇಳಿಯುತ್ತವೆ. ಕೊಳಾಯಿಯಲ್ಲಿ ನೀರು ಸಣ್ಣಗಾದಾಗ ಟ್ಯಾಂಕೂ ಅಷ್ಟೇ ಪ್ರಮಾಣದಲ್ಲಿ ಚಿಕ್ಕದಾದ ಹಾಗೆ. ರಾತ್ರಿಯಿಡೀ ಓಡುವ ಟೈಮರಿಗೆ ಇದಕ್ಕಿಂತ ಒಳ್ಳೆಯ ಗುಣ ಬೇಕಾ?

ಲೆಕ್ಕ

ಹೊತ್ತಿನ ಸೂತ್ರ ಇಷ್ಟೇ: 0.693 × ರೆಸಿಸ್ಟೆನ್ಸ್ × ಕೆಪಾಸಿಟೆನ್ಸ್. ಈ 0.693 ಎಲ್ಲಿಂದ ಬಂತು ಅಂತ ನಮಗೆ ಕಾಲೇಜಿನಲ್ಲಿ ಯಾರೂ ಹೇಳಲಿಲ್ಲ, ಬಾಯಿಪಾಠ ಮಾಡಿದ್ದೆವು. ನಿಜಕ್ಕೂ ಸರಳ. ಕೆಪಾಸಿಟರ್ ತುಂಬುತ್ತಾ ಹೋದ ಹಾಗೆ ತುಂಬುವ ವೇಗ ಇಳಿಯುತ್ತದೆ, ಯಾಕೆಂದರೆ ಬ್ಯಾಟರಿಗೂ ಅದಕ್ಕೂ ನಡುವಿನ ಅಂತರ ಕಡಿಮೆಯಾಗುತ್ತಾ ಬರುತ್ತದೆ. 3 ವೋಲ್ಟಿನಲ್ಲಿದ್ದಾಗ ಪೂರ್ತಿ ತುಂಬಲು ಇನ್ನೂ 6 ವೋಲ್ಟ್ ಬಾಕಿ. 6 ಮುಟ್ಟಿದಾಗ ಬಾಕಿ 3. ಅಂದರೆ ಬಾಕಿ ಅರ್ಧವಾಯಿತು. ಬಾಕಿ ಅರ್ಧವಾಗಲು ಹಿಡಿಯುವ ಹೊತ್ತು ಯಾವಾಗಲೂ ರೆಸಿಸ್ಟೆನ್ಸ್-ಕೆಪಾಸಿಟೆನ್ಸ್ ಗುಣಲಬ್ಧದ 0.693 ಪಟ್ಟು. ಬರಿದಾಗುವಾಗಲೂ 6ರಿಂದ 3ಕ್ಕೆ, ಅದೂ ಅರ್ಧ.

ಈಗ ಕಟ್ಟೋಣ. ಐಸಿಯ ಮೇಲಿನ ಕಚ್ಚು ನಿಮ್ಮ ಎಡಕ್ಕೆ ಇರುವಂತೆ ಬ್ರೆಡ್‌ಬೋರ್ಡಿನ (ಬೆಸುಗೆ ಹಾಕದೆ ಸಾಮಾನು ಸಿಕ್ಕಿಸುವ ತೂತುಗಳ ಹಲಗೆ) ನಡುವಿನ ಸಾಲಿನ ಮೇಲೆ ಕೂರಿಸಿ. ಕೆಳಸಾಲಿನ ಎಡತುದಿ 1ನೇ ಕಾಲು, ಅಲ್ಲಿಂದ ಬಲಕ್ಕೆ 4. ಮೇಲಿನ ಸಾಲಿನ ಬಲತುದಿ 5, ಎಡಕ್ಕೆ ಬಂದರೆ 8. ಬ್ಯಾಟರಿಯ ಪ್ಲಸ್ 8ಕ್ಕೆ, ಮೈನಸ್ 1ಕ್ಕೆ. 4ನೇ ಕಾಲು ರೀಸೆಟ್, ಅದನ್ನು ಪ್ಲಸ್‌ಗೆ ಸೇರಿಸದಿದ್ದರೆ ಸರ್ಕ್ಯೂಟ್ ತನಗಿಷ್ಟ ಬಂದಾಗ ನಿಂತುಬಿಡುತ್ತದೆ. 2 ಮತ್ತು 6ನ್ನು ಒಂದು ತುಂಡು ತಂತಿಯಿಂದ ಸೇರಿಸಿ, ಇವೇ ಟ್ಯಾಂಕ್ ಕಾಯುವ ಎರಡು ಕಣ್ಣು. 6ರಿಂದ ಗ್ರೌಂಡಿಗೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್. ಇದರ ಮೈಮೇಲೆ ಪಟ್ಟಿ ಇರುವ ಕಡೆ ಮೈನಸ್, ಅದು ಗ್ರೌಂಡಿಗೆ ಹೋಗಬೇಕು. ತಿರುಗುಮುರುಗಾದರೆ ಬಿಸಿಯಾಗಿ ಸಿಡಿಯಬಹುದು, ಎರಡು ಸಲ ನೋಡಿ ಹಾಕಿ. 5ನೇ ಕಾಲಿನಿಂದ ಗ್ರೌಂಡಿಗೆ 0.01 ಮೈಕ್ರೋಫ್ಯಾರಡ್‌ನ ಪುಟ್ಟ ಕೆಪಾಸಿಟರ್ ಹಾಕಿದರೆ ಗುರುತುಗಳು ಅಲುಗಾಡುವುದಿಲ್ಲ.

7 ಮತ್ತು 6ರ ನಡುವೆ 10 ಕಿಲೋ ಓಮ್. ಬರಿದಾಗುವುದು ಇದರ ಮೂಲಕ ಮಾತ್ರ. 100 ಮೈಕ್ರೋಫ್ಯಾರಡ್ ಅಂದರೆ 0.0001 ಫ್ಯಾರಡ್, ಹಾಗಾಗಿ 0.693 × 10,000 × 0.0001, ಅಂದರೆ 0.69 ಸೆಕೆಂಡ್. ಗುಂಡಿ ಒತ್ತಿ ಬಿಡಲು ಹೇಳಿ ಮಾಡಿಸಿದಂತಿದೆ.

8 ಮತ್ತು 7ರ ನಡುವೆ 47 ಕಿಲೋ ಓಮ್‌ನ ರೆಸಿಸ್ಟರ್, ಅದರ ಜೊತೆ ಸಾಲಾಗಿ 470 ಕಿಲೋ ಓಮ್‌ನ ಪಾಟ್. ಹಳೇ ರೇಡಿಯೊದ ವಾಲ್ಯೂಮ್ ತಿರುಗಿಸುತ್ತಿದ್ದೆವಲ್ಲ, ಆ ಥರದ್ದು. ಅದರ ನಡುವಿನ ಕಾಲು ಮತ್ತು ಒಂದು ಪಕ್ಕದ ಕಾಲು ಸಾಕು. ತುಂಬುವಾಗ ಕರೆಂಟ್ ಇವೆರಡರ ಜೊತೆ ಆ 10 ಕಿಲೋ ಓಮನ್ನೂ ದಾಟಿ ಬರುತ್ತದೆ. ಪಾಟನ್ನು ಒಂದು ತುದಿಗೆ ತಿರುಗಿಸಿದರೆ ಸುಮಾರು 4.6 ಸೆಕೆಂಡಿಗೊಂದು ಕ್ಲಿಕ್, ಇನ್ನೊಂದು ತುದಿಗೆ ಸುಮಾರು 37 ಸೆಕೆಂಡಿಗೊಂದು. ಆ 47 ಕಿಲೋ ಓಮ್ ಬೇಡ ಅಂತ ಬಿಟ್ಟರೆ ಪಾಟ್ ಸೊನ್ನೆಗೆ ಬಂದಾಗ ಬ್ಯಾಟರಿ ನೇರವಾಗಿ 7ನೇ ಕಾಲಿನ ಮೂಲಕ ಗ್ರೌಂಡಿಗೆ ಹರಿದು ಐಸಿ ಸತ್ತೇ ಹೋಗುತ್ತದೆ.

ಇನ್ನೂ ಉದ್ದದ ಅಂತರ ಬೇಕು ಅಂತ ಪಾಟಿನ ಬೆಲೆಯನ್ನು ಸಿಕ್ಕಾಪಟ್ಟೆ ಏರಿಸುವುದು ನನಗೆ ಇಷ್ಟವಿಲ್ಲ. ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಸ್ವಲ್ಪ ಸೋರುತ್ತವೆ. ತುಂಬಿಸುವ ಕರೆಂಟೇ ಸೋರಿಕೆಯಷ್ಟು ಸಣ್ಣಗಾದರೆ ಬಟ್ಟಲು ತುಂಬುವುದೇ ಇಲ್ಲ. ಇವುಗಳ ಬೆಲೆಯಲ್ಲಿ ಶೇಕಡಾ 20ರಷ್ಟು ಹೆಚ್ಚುಕಡಿಮೆಯೂ ಇರುತ್ತದೆ. ಹಾಗಾಗಿ ಲೆಕ್ಕ ನಂಬಿ ಕೂರದೆ ಫೋನಿನ ಸ್ಟಾಪ್‌ವಾಚ್ ಹಿಡಿದು ಹತ್ತು ಕ್ಲಿಕ್ ಎಣಿಸಿ, ಹತ್ತರಿಂದ ಭಾಗಿಸಿ. ನಾನು ಪಾಟಿನ ಸುತ್ತ ದುಂಡಗೆ ರಟ್ಟು ಕತ್ತರಿಸಿ ಅಂಟಿಸಿ, ಪೆನ್ಸಿಲಿನಲ್ಲಿ 5, 10, 20, 30 ಅಂತ ಗುರುತು ಹಾಕಿಕೊಂಡಿದ್ದೇನೆ.

ಬೆಳಕಿನ ಸೇತುವೆ

ಕೆಲವರು ಐಸಿಯ 3ನೇ ಕಾಲನ್ನು ನೇರವಾಗಿ ಕ್ಯಾಮೆರಾ ತಂತಿಗೆ ಸೇರಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಮ್ಮ ಕಡೆ 9 ವೋಲ್ಟ್, ಕ್ಯಾಮೆರಾದ ಒಳಗಿನ ಆ ತಂತಿಯಲ್ಲಿ ಇರುವುದು ಅದಕ್ಕಿಂತ ಎಷ್ಟೋ ಕಡಿಮೆ. ಒಂದು ತಂತಿ ತಪ್ಪಿದರೆ ಹೋಗುವುದು ಹತ್ತು ರೂಪಾಯಿಯ ಐಸಿ ಅಲ್ಲ, ಕ್ಯಾಮೆರಾ.

ಇದಕ್ಕೆ ಆಪ್ಟೋಕಪ್ಲರ್ ಅನ್ನುವ ಚಿಕ್ಕ ಸಾಧನ ಇದೆ. ಪಿಸಿ817 ಎಲ್ಲ ಕಡೆ ಸಿಗುತ್ತದೆ. ಕಪ್ಪು ಮೈ, ನಾಲ್ಕು ಕಾಲು. ಒಳಗೆ ಒಂದು ಬದಿಯಲ್ಲಿ ಕಣ್ಣಿಗೆ ಕಾಣದ ಬೆಳಕು ಬೀರುವ ಎಲ್‌ಇಡಿ, ಎದುರು ಬದಿಯಲ್ಲಿ ಆ ಬೆಳಕು ಬಿದ್ದಾಗ ಮಾತ್ರ ಕರೆಂಟ್ ಹರಿಯಲು ಬಿಡುವ ಟ್ರಾನ್ಸಿಸ್ಟರ್. ಎರಡರ ನಡುವೆ ತಂತಿಯ ಸಂಬಂಧವೇ ಇಲ್ಲ. ನಮ್ಮ ಸರ್ಕ್ಯೂಟಿನಿಂದ ಕ್ಯಾಮೆರಾಗೆ ದಾಟುವುದು ಬೆಳಕು ಮಾತ್ರ. ಆಚೆ ಕಡೆ ಏನೇ ಎಡವಟ್ಟಾದರೂ ಈಚೆ ಕಡೆಗೆ ಕರೆಂಟ್ ಬರುವುದಿಲ್ಲ. ಇಡೀ ಸರ್ಕ್ಯೂಟಿನಲ್ಲಿ ನನಗೆ ಅತಿ ಹೆಚ್ಚು ಮೆಚ್ಚುಗೆಯಾದ ಭಾಗ ಇದು.

ಬ್ಯಾಟರಿಯ ಪ್ಲಸ್‌ನಿಂದ 1 ಕಿಲೋ ಓಮ್ ರೆಸಿಸ್ಟರ್, ಅಲ್ಲಿಂದ ಪಿಸಿ817ರ 1ನೇ ಕಾಲು. ಅದರ 2ನೇ ಕಾಲು 555ರ 3ಕ್ಕೆ. 555ರ 3ನೇ ಕಾಲು ಕೆಳಗಿಳಿದಾಗ, ಅಂದರೆ ಬರಿದಾಗುವ ಆ 0.69 ಸೆಕೆಂಡ್ ಮಾತ್ರ, ಒಳಗಿನ ಎಲ್‌ಇಡಿ ಹೊತ್ತುತ್ತದೆ. ಪಿಸಿ817ರ ಇನ್ನೊಂದು ಬದಿಯ 4ನೇ ಕಾಲಿಗೆ ಕ್ಯಾಮೆರಾದ ಶಟರ್ ಮತ್ತು ಫೋಕಸ್ ತಂತಿಗಳನ್ನು ಒಟ್ಟಿಗೆ ಸೇರಿಸಿ. ಅದೇ ಪಿಸಿ817ರ 3ನೇ ಕಾಲಿಗೆ ಕ್ಯಾಮೆರಾದ ಗ್ರೌಂಡ್. ಇದು ಅದಲುಬದಲಾದರೆ ಕ್ಲಿಕ್ ಆಗುವುದಿಲ್ಲ. ಕ್ಯಾಮೆರಾದ ಗ್ರೌಂಡನ್ನು ನಮ್ಮ ಬ್ಯಾಟರಿಯ ಮೈನಸ್‌ಗೆ ಸೇರಿಸಬೇಡಿ, ಸೇರಿಸಿದರೆ ಬೇರೆ ಇಟ್ಟದ್ದು ವ್ಯರ್ಥವಾಗುತ್ತದೆ. ಪಕ್ಕದಲ್ಲಿ ಒಂದು ಕೆಂಪು ಎಲ್‌ಇಡಿಯನ್ನೂ ತನ್ನದೇ 1 ಕಿಲೋ ಓಮ್‌ನೊಂದಿಗೆ ಪ್ಲಸ್‌ನಿಂದ 555ರ 3ನೇ ಕಾಲಿಗೆ ಹಾಕಿಕೊಳ್ಳಿ. ಕ್ಯಾಮೆರಾ ಸಿಕ್ಕಿಸುವ ಮೊದಲೇ ಅದು ಮಿನುಗುವುದನ್ನು ನೋಡಿ ಪರೀಕ್ಷೆ ಮಾಡಬಹುದು.

ನಾನು ಮೊದಲ ಸಲ ಬ್ಯಾಟರಿ ಹಾಕಿದಾಗ ಪಾಟ್ 20 ಸೆಕೆಂಡಿನ ಹತ್ತಿರ ಇತ್ತು. 20 ಆಯಿತು, 25 ಆಯಿತು, ಎಲ್‌ಇಡಿ ಹೊತ್ತಲಿಲ್ಲ. ಎಲ್ಲೋ ತಪ್ಪಾಗಿದೆ ಅಂತ ತಂತಿ ಕಿತ್ತು ಮತ್ತೆ ಹಾಕಿದೆ. ಮತ್ತೆ ಹಾಗೇ. ಮೂರು ಸಲ ಹೀಗಾದ ಮೇಲೆ ತಾಳ್ಮೆಯಿಂದ ಕಾದಾಗ 30 ಸೆಕೆಂಡ್ ದಾಟಿ ಮಿನುಗಿತು, ಆಮೇಲೆ ಸರಿಯಾಗಿ 20ಕ್ಕೊಮ್ಮೆ. ಕಾರಣ ಮೇಲಿನ ಲೆಕ್ಕದಲ್ಲೇ ಇದೆ. ಮೊದಲ ಸಲ ಕೆಪಾಸಿಟರ್ ಪೂರಾ ಖಾಲಿ, ಸೊನ್ನೆಯಿಂದ 6 ವೋಲ್ಟಿಗೆ ಏರಬೇಕು. ಆಮೇಲೆಲ್ಲ 3ರಿಂದ 6. ಮೊದಲ ಕಾಯುವಿಕೆ ಯಾವಾಗಲೂ ಸುಮಾರು ಒಂದೂವರೆ ಪಟ್ಟು ಜಾಸ್ತಿ. ನಿಮ್ಮದು ಹೊತ್ತದಿದ್ದರೆ ಕಿತ್ತುಹಾಕುವ ಮೊದಲು ಒಂದು ನಿಮಿಷ ಕಾಯಿರಿ.

ಹೂವಿನ ರಾತ್ರಿ

ಮೊಗ್ಗು ಅರಳುವ ದಿನ ಹತ್ತಿರವಾದಾಗ ಅದರ ಕೊರಳು ಮೇಲಕ್ಕೆ ಬಾಗಿ ಮೊಗ್ಗು ಉಬ್ಬುತ್ತದೆ. ನೋಡಿ ಅಭ್ಯಾಸವಾದವರಿಗೆ ಸಂಜೆಯೇ ಗೊತ್ತಾಗಿಬಿಡುತ್ತದೆ. ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಅಮ್ಮ "ಇವತ್ತು ಖಂಡಿತ" ಅಂದರು. ಕ್ಯಾಮೆರಾ ಇಟ್ಟೆ. ಆಟೊ ಫೋಕಸ್ ತೆಗೆಯುವುದನ್ನು ಮರೆತೆ. ಪ್ರತಿ ಕ್ಲಿಕ್‌ಗೂ ಲೆನ್ಸ್ ಮಬ್ಬು ಬೆಳಕಿನಲ್ಲಿ ತಡಕಾಡಿ ಒಮ್ಮೆ ಹೂವನ್ನು, ಒಮ್ಮೆ ಹಿಂದಿನ ಗೋಡೆಯನ್ನು ಹಿಡಿದಿತ್ತು. ಎಷ್ಟೋ ಸಲ ಏನೂ ಸಿಗದೆ ಕ್ಲಿಕ್ ಆಗಿಯೇ ಇರಲಿಲ್ಲ. ಆ ಹೂ ಮತ್ತೆ ಅರಳುವುದಿಲ್ಲವಲ್ಲ. ಬಹಳ ಸಂಕಟವಾಯಿತು.

ಅದೃಷ್ಟಕ್ಕೆ ಗಿಡದಲ್ಲಿ ಇನ್ನೊಂದು ಮೊಗ್ಗಿತ್ತು. ಈ ಸಲ ಎಲ್ಲ ಕೈಯಲ್ಲೇ ಸೆಟ್ ಮಾಡಿದೆ. ಫೋಕಸ್ ಮ್ಯಾನ್ಯುಯಲ್. ಹೂ ಅರಳುತ್ತಾ ಮುಂದಕ್ಕೆ ಚಾಚಿಕೊಳ್ಳುವುದರಿಂದ, ಆಗಲೂ ಮಬ್ಬಾಗದಿರಲಿ ಅಂತ ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 8. ಎಕ್ಸ್‌ಪೋಶರ್, ಬಣ್ಣದ ಸೆಟ್ಟಿಂಗ್ ಎರಡನ್ನೂ ಒಂದೇ ಕಡೆ ನಿಲ್ಲಿಸಿದೆ, ಇಲ್ಲದಿದ್ದರೆ ವಿಡಿಯೊ ಮಿಣುಕುತ್ತದೆ. ಬೆಳಕಿಗೆ ಒಂದು ಎಲ್‌ಇಡಿ ಬಲ್ಬ್. ನಮ್ಮ ಮನೆಯ ಕರೆಂಟ್ 50 ಹರ್ಟ್ಸ್, ಹಾಗಾಗಿ ಎಷ್ಟೋ ಬಲ್ಬುಗಳ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಶಟರ್ ತುಂಬ ಚುರುಕಾಗಿದ್ದರೆ ಒಂದು ಫೋಟೊ ಬೆಳ್ಳಗೆ, ಇನ್ನೊಂದು ಕಪ್ಪಗೆ ಬರುತ್ತದೆ. ಅರ್ಧ ಸೆಕೆಂಡ್ ಇಟ್ಟೆ, ಏರಿಳಿತ ಎಲ್ಲ ಸರಾಸರಿಯಾಗಿ ಸೇರಿಹೋಯಿತು. ಕ್ಯಾಮೆರಾ ತಾನಾಗಿ ಮಲಗುವ ಸೆಟ್ಟಿಂಗ್ ಆಫ್. ಡ್ರೈವ್ ಸಿಂಗಲ್‌ನಲ್ಲಿ, ಇಲ್ಲದಿದ್ದರೆ ಆ 0.69 ಸೆಕೆಂಡಿನಲ್ಲೇ ಎರಡೆರಡು ಫೋಟೊ ಬೀಳಬಹುದು.

ಎಂಟು ಗಂಟೆಗೆ ಬ್ಯಾಟರಿ ಸಿಕ್ಕಿಸಿ ಬಂದೆ. ಒಳಗೆ ಊಟಕ್ಕೆ ಕೂತಾಗಲೂ ಹಿತ್ತಿಲಿನಿಂದ ಕ್ಲಿಕ್ ಕೇಳುತ್ತಿತ್ತು. ಮಾತಿನ ನಡುವೆ ಒಂದು ಕ್ಲಿಕ್, ಅನ್ನ ಬಡಿಸುವಾಗ ಒಂದು ಕ್ಲಿಕ್. ಹತ್ತು ಗಂಟೆಗೆ ಪಕ್ಕದ ಮನೆಯವರು ಹೂ ನೋಡಲು ಬಂದರು. ಕ್ಯಾಮೆರಾದ ಮುಂದೆ ಅಡ್ಡ ಬಾರದಂತೆ ಗೋಡೆ ಬದಿಗೆ ಸಾಲಾಗಿ ನಿಂತು ನೋಡಿದರು. ಹನ್ನೆರಡಕ್ಕೆ ನಿಲ್ಲಿಸಿದಾಗ ಕಾರ್ಡಿನಲ್ಲಿ 711 ಫೋಟೊ ಇದ್ದವು.

ಮರುದಿನ ಜೋಡಿಸಿ ನೋಡಿದೆವು. ಮೊದಲು ಹೊರಗಿನ ತೆಳ್ಳನೆಯ ಕಂದು ಎಸಳುಗಳು ಒಂದೊಂದಾಗಿ ಹಿಂದಕ್ಕೆ ಬಾಗಿದವು. ಆಮೇಲೆ ಬಿಳಿ ಎಸಳುಗಳು ಉಸಿರು ಬಿಟ್ಟ ಹಾಗೆ ಅಗಲವಾದವು. ಒಳಗಿನಿಂದ ಕೇಸರಗಳ ಗೊಂಚಲು ಹೊರಗೆ ಇಣುಕಿತು. ಇಷ್ಟು ವರ್ಷ ಆ ಗಿಡಕ್ಕೆ ನೀರು ಹಾಕಿದ ಅಮ್ಮ ಅದನ್ನು ಆರು ಸಲ ಹಾಕಿಸಿ ನೋಡಿದರು.